ಮೊದಲು ಹೊತ್ತು, ಆಮೇಲೆ ದಾರಿ

ಬೇಸಿಗೆ ರಜೆ ಬಂತೆಂದರೆ ಬಾಸ್ಟನ್ ಸುತ್ತಮುತ್ತಲ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಯಾವ ಟ್ರೇಲ್ ಹಿಡಿಯಬೇಕು? ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳ ಶಾಲೆ ಮುಗಿದಿರುತ್ತದೆ, ಮೇನ್ ರಾಜ್ಯದ ಕಡಲಂಚಿಗೆ ಸುಮಾರು ಐದು ಗಂಟೆಯ ಕಾರು ಪ್ರಯಾಣ. ಒಬ್ಬರು ಪ್ರೆಸಿಪಿಸ್ ಹತ್ತಲೇಬೇಕು ಅನ್ನುತ್ತಾರೆ, ಇನ್ನೊಬ್ಬರು ಬೀಹೈವ್, ಮತ್ತೊಬ್ಬರು ಜೋರ್ಡನ್ ಕೊಳದ ಸುತ್ತು. ಆ ಉದ್ಯಾನದಲ್ಲಿ ಕಾಲುದಾರಿಯೇ 150 ಮೈಲಿಗೂ ಮಿಕ್ಕಿ ಇರುವುದರಿಂದ ಚರ್ಚೆ ಬೇಗ ಮುಗಿಯುವುದಿಲ್ಲ. ನನ್ನನ್ನು ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಹೋಗುವುದು ಯಾವ ತಿಂಗಳು? ಅವತ್ತು ಕಡಲು ಇಳಿಯುವುದು ಎಷ್ಟು ಹೊತ್ತಿಗೆ? ಕಡಲ ಮಗ್ಗುಲಿನ ಬೆಟ್ಟಗಳಲ್ಲಿ ಮೊದಲು ಹೊತ್ತು ಗೊತ್ತಾಗಬೇಕು, ದಾರಿ ಅದರ ಹಿಂದೆ ಬರುತ್ತದೆ.

ಬಾರ್ ಹಾರ್ಬರ್ ಊರಿನ ಬ್ರಿಜ್ ಸ್ಟ್ರೀಟ್ ನೆಟ್ಟಗೆ ನೀರಿಗೆ ಇಳಿದು ಮುಗಿಯುತ್ತದೆ. ಉಬ್ಬರದಲ್ಲಿ ನಿಂತು ನೋಡಿದರೆ ಎದುರಿಗೆ ಕಡಲು, ಅದರಾಚೆ ಬಾರ್ ಎಂಬ ಪುಟ್ಟ ದ್ವೀಪ, ಅಷ್ಟೇ. ಇಳಿತ ಬಂದಾಗ ನೀರಡಿಯ ಜಲ್ಲಿಕಲ್ಲಿನ ದಿಣ್ಣೆ ಮೇಲೆದ್ದು ದ್ವೀಪಕ್ಕೆ ನಡೆದೇ ಹೋಗಬಹುದು. ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ದಾರಿ ತೆರೆಯುತ್ತದೆ, ಒಂದೂವರೆ ಗಂಟೆ ಕಳೆಯಿತೆಂದರೆ ಮುಚ್ಚುತ್ತದೆ. ಅಷ್ಟರೊಳಗೆ ದ್ವೀಪದ ನೆತ್ತಿಗೆ ಹತ್ತಿ, ಊರನ್ನೂ ಬೆಟ್ಟಸಾಲನ್ನೂ ನೋಡಿ ಬರಲು ಸಮಯ ಸಾಕು. ಹರಟುತ್ತ ಕೂತವರು ಮುಂದಿನ ಇಳಿತದ ತನಕ ಅಲ್ಲೇ.

ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್ ಕಡೆಗೆ ನಡೆದವರಿಗೆ ಕಡಲು ನೋಡಿ ಹೆಜ್ಜೆ ಇಡುವುದು ಹೊಸದಲ್ಲ. ಆದರೆ ನಮ್ಮ ಕರಾವಳಿಯ ಏರಿಳಿತ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಇಲ್ಲಿ ನೀರು ಹತ್ತು ಹನ್ನೆರಡು ಅಡಿ ಏರುತ್ತದೆ, ಇಳಿಯುತ್ತದೆ, ಅದೂ ದಿನಕ್ಕೆರಡು ಸಲ. ಪಕ್ಕದಲ್ಲೇ ಜಗತ್ತಿನ ಅತಿ ದೊಡ್ಡ ಉಬ್ಬರದ ಫಂಡಿ ಕೊಲ್ಲಿ ಇದೆ. ಆ ಕೊಲ್ಲಿಯೂ ಮೇನ್ ಖಾರಿಯೂ ಸೇರಿದ ನೀರು ತಾನಾಗಿ ಹಿಂದೆ ಮುಂದೆ ತೊನೆಯಲು ತೆಗೆದುಕೊಳ್ಳುವ ಅವಧಿ, ಚಂದ್ರ ಎಳೆಯುವ ಹನ್ನೆರಡೂವರೆ ಗಂಟೆಯ ಲಯಕ್ಕೆ ಹೆಚ್ಚುಕಡಿಮೆ ಕೂಡಿಬರುತ್ತದೆ. ಹಾಗೆ ಕೂಡಿದ್ದರಿಂದಲೇ ಅಲ್ಲಿ ಉಬ್ಬರ ಅಷ್ಟು ಎತ್ತರ.

ಬಾರ್ ದ್ವೀಪಕ್ಕೆ ಇಳಿತ ಬೇಕಾದರೆ ಥಂಡರ್ ಹೋಲ್‌ಗೆ ಉಬ್ಬರ ಬೇಕು. ಸ್ಯಾಂಡ್ ಬೀಚಿನಿಂದ ಆಟರ್ ಪಾಯಿಂಟಿನ ತನಕ ಸುಮಾರು ಎರಡು ಮೈಲಿ, ಕಡಲ ಬಂಡೆಗಳ ಮೇಲಂಚಿನಲ್ಲೇ ಓಷನ್ ಪಾತ್ ಸಾಗುತ್ತದೆ. ಹೆಚ್ಚು ಏರುತಗ್ಗಿಲ್ಲದ, ಅಜ್ಜಿ ಮೊಮ್ಮಕ್ಕಳು ಕೂಡಿ ನಡೆಯಬಹುದಾದ ದಾರಿ. ನಡುವೆ ಗ್ರಾನೈಟಿನ ಒಂದು ಕಿರಿದಾದ ಸಂದಿ, ಅದೇ ಥಂಡರ್ ಹೋಲ್. ಅಲೆ ಒಳನುಗ್ಗಿ ಸಂದಿಯ ಕೊನೆಯ ಗವಿಯಲ್ಲಿ ಗಾಳಿಯನ್ನು ಅದುಮಿದಾಗ ಗುಡುಗಿನ ಸದ್ದು ಹೊರಡುತ್ತದೆ. ಈ ಸದ್ದು ಚೆನ್ನಾಗಿ ಕೇಳುವುದು ಉಬ್ಬರ ತುಂಬುವ ಒಂದೆರಡು ಗಂಟೆ ಮುಂಚೆ. ಇಳಿತದಲ್ಲಿ ಹೋದರೆ ಕೆಳಗೆಲ್ಲೋ ನೀರು ಗುಳುಗುಳು ಅನ್ನುತ್ತಿರುತ್ತದೆ, ಮಕ್ಕಳು ನಿರಾಸೆಯಿಂದ ಕಾರಿಗೆ ಮರಳುತ್ತವೆ.

ಇನ್ನು ತಿಂಗಳಿನ ಮಾತು. ಷಾಂಪ್ಲೇನ್ ಬೆಟ್ಟದ ಪೂರ್ವದ ಕಡಿದಾದ ಬಂಡೆಗೋಡೆಯನ್ನು ಕಬ್ಬಿಣದ ಸರಳು, ಏಣಿ ಹಿಡಿದು ಏರುವುದೇ ಪ್ರೆಸಿಪಿಸ್. ಮಾರ್ಚ್ ನಡುವಿನಿಂದ ಆಗಸ್ಟ್ ನಡುವಿನ ತನಕ ಸಾಮಾನ್ಯವಾಗಿ ಅದು ಮುಚ್ಚಿರುತ್ತದೆ, ಯಾಕೆಂದರೆ ಆ ಗೋಡೆಯಲ್ಲಿ ಪೆರಿಗ್ರಿನ್ ಡೇಗೆ ಗೂಡು ಮಾಡುತ್ತದೆ. ಒಂದು ಕಾಲಕ್ಕೆ ಡಿಡಿಟಿ ವಿಷ ಇವುಗಳ ಮೈಸೇರಿ ಮೊಟ್ಟೆಯ ಚಿಪ್ಪು ತೆಳ್ಳಗಾಯಿತು, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. 1960ರ ದಶಕದ ಹೊತ್ತಿಗೆ ಅಮೆರಿಕದ ಪೂರ್ವ ಭಾಗದಲ್ಲಿ ಈ ಹಕ್ಕಿಯ ಸಂತಾನವೇ ನಿಂತುಹೋಗಿತ್ತು. 1972ರಲ್ಲಿ ಡಿಡಿಟಿಗೆ ನಿಷೇಧ ಬಂತು, 1980ರ ದಶಕದಲ್ಲಿ ಮರಿಗಳನ್ನು ತಂದು ಅಕೇಡಿಯಾದಲ್ಲಿ ಬಿಟ್ಟು ಬೆಳೆಸಿದರು, 1991ರಲ್ಲಿ ಇಲ್ಲಿ ಮತ್ತೆ ಮರಿಗಳಾದವು. ಹೀಗೆ ಮರಳಿ ಬಂದ ಹಕ್ಕಿಗಾಗಿ ಐದು ತಿಂಗಳು ದಾರಿ ಬಿಟ್ಟುಕೊಡುವುದು ನ್ಯಾಯವೇ. ಜುಲೈನಲ್ಲಿ ಹೋದವರು ಬೆಟ್ಟದ ಬುಡದ ಪಾರ್ಕಿಂಗ್ ಜಾಗದಲ್ಲಿ ನಿಂತು, ರೇಂಜರುಗಳು ಇಟ್ಟ ದುರ್ಬೀನಿನಲ್ಲಿ ಮರಿಗಳನ್ನು ಹುಡುಕಬಹುದು. ನನಗಂತೂ ಏರುವುದಕ್ಕಿಂತ ಅದೇ ಹೆಚ್ಚು.

ಏರಲೇಬೇಕೆನ್ನುವ ಎಳೆಯರಿಗೆ ಬೀಹೈವ್ ಇದೆ. ಎತ್ತರ ಸುಮಾರು 520 ಅಡಿ ಮಾತ್ರ, ಆದರೆ ಅಲ್ಲಿಯೂ ಸರಳು ಹಿಡಿದು ಬಂಡೆಯಂಚಿನಲ್ಲಿ ನಡೆಯಬೇಕು. ಏರಿದ ದಾರಿಯಲ್ಲಿ ಇಳಿಯಬಾರದು. ಹಿಂಬದಿಯಿಂದ ಬೌಲ್ ಎಂಬ ಕೊಳದ ಕಡೆಗೆ ಇಳಿದು ಸುತ್ತಿ ಬರಬೇಕು. ಮಳೆಗೆ ಗ್ರಾನೈಟ್ ಒದ್ದೆಯಾದ ದಿನ ಪ್ರೆಸಿಪಿಸ್, ಬೀಹೈವ್ ಎರಡರ ಹೆಸರೂ ಎತ್ತಬೇಡಿ.

ಶ್ರವಣಬೆಳಗೊಳದ ಬೆಟ್ಟವನ್ನು ಬರಿಗಾಲಲ್ಲಿ ಏರಿದ ಅಮ್ಮಂದಿರಿಗೆ ಕಲ್ಲುಮೆಟ್ಟಿಲು ಕಂಡರೆ ಹೆದರಿಕೆಯಿಲ್ಲ. ಅಂಥವರಿಗೆ ಡಾರ್ ಬೆಟ್ಟದ ಎಮರಿ ಪಾತ್ ಹೇಳಿ ಮಾಡಿಸಿದ್ದು. ಮೆಟ್ಟಿಲುಗಳನ್ನು ಜೋಡಿಸಿದವರ ಕೈಕಸುಬು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಬೆಟ್ಟಕ್ಕೆ ಹೆಸರಾದ ಜಾರ್ಜ್ ಡಾರ್ ತಮ್ಮ ಆಸ್ತಿಯನ್ನೂ ಆಯುಷ್ಯವನ್ನೂ ಅಕೇಡಿಯಾ ಇರುವ ಈ ದೊಡ್ಡ ದ್ವೀಪಕ್ಕೆ ಕೊಟ್ಟವರು. ಅವರ ಓಡಾಟದಿಂದಲೇ 1916ರಲ್ಲಿ ಇಲ್ಲಿನ ಬೆಟ್ಟಭೂಮಿ ರಾಷ್ಟ್ರೀಯ ಸ್ಮಾರಕವಾಯಿತು, 1919ರಲ್ಲಿ ಲಫಯೆಟ್ ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನವಾಯಿತು, 1929ರಲ್ಲಿ ಅಕೇಡಿಯಾ ಆಯಿತು. ಅವರಿಗೂ ಮುಂಚಿನ ದಾರಿಗಾರ ವಾಲ್ಡ್ರನ್ ಬೇಟ್ಸ್. ಬೋಳುಬಂಡೆಯ ಮೇಲೆ ದಾರಿ ತಪ್ಪದಿರಲೆಂದು ಎರಡು ಕಡೆ ಕಲ್ಲು ನಿಲ್ಲಿಸಿ, ಮೇಲೆ ಒಂದು ಚಪ್ಪಡಿ ಹಾಸಿ, ಅದರ ಮೇಲೆ ದಿಕ್ಕು ತೋರುವ ಸಣ್ಣ ಕಲ್ಲಿಡುವ ಕ್ರಮ ಅವರದು. ಇವತ್ತಿಗೂ ಮಂಜು ಕವಿದಾಗ ಚಾರಣಿಗರಿಗೆ ಅವೇ ಗುರುತು. ಫೋಟೊ ಆಸೆಗೆ ಪಕ್ಕದಲ್ಲಿ ನಾವೊಂದು ಕಲ್ಲುಗುಪ್ಪೆ ಮಾಡಿದರೆ ಹಿಂದೆ ಬರುವವರು ಕಡಿದಾದ ಕಡೆಗೆ ನಡೆದಾರು. ದಯವಿಟ್ಟು ಕಲ್ಲು ಮುಟ್ಟಬೇಡಿ.

ಮಂಜು ಅಂದೆ. ತಣ್ಣನೆಯ ಕಡಲ ಮೇಲೆ ಬೆಚ್ಚನೆ ಗಾಳಿ ಬೀಸಿದರೆ ಬೇಸಿಗೆಯಲ್ಲೂ ಇಲ್ಲಿ ಮಂಜು ಮುಚ್ಚುತ್ತದೆ. ಅಂಥ ದಿನ 1,530 ಅಡಿಯ ಕ್ಯಾಡಿಲಾಕ್ ಬೆಟ್ಟಕ್ಕೆ ಹೋದರೆ ಬೂದುಬಿಳುಪು ಬಿಟ್ಟು ಬೇರೇನೂ ಕಾಣದು. ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದ ತನಕ ಅಮೆರಿಕದ ಪೂರ್ವ ಕರಾವಳಿಯಲ್ಲಿ ಸೂರ್ಯನನ್ನು ಎಲ್ಲರಿಗಿಂತ ಮೊದಲು ಕಾಣುವ ನೆತ್ತಿ ಇದು. ಅದಕ್ಕೇ ಜನ ಮುಗಿಬೀಳುತ್ತಾರೆ, ಋತುವಿನಲ್ಲಿ ಕಾರಿಗೆ ಮುಂಗಡ ಕಾದಿರಿಸಬೇಕು. ಮಂಜಿನ ದಿನ ನನ್ನ ಆಯ್ಕೆ ಕಾಡಿನ ಒಳದಾರಿ. ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ 1913ರಿಂದ 1940ರ ತನಕ ಕಟ್ಟಿಸಿದ ಸಾರೋಟು ರಸ್ತೆಗಳು ಉದ್ಯಾನದೊಳಗೆ 45 ಮೈಲಿ ಹಬ್ಬಿವೆ. ಮೋಟಾರು ಗಾಡಿಗೆ ಪ್ರವೇಶವಿಲ್ಲ, ಏರು ನಯವಾಗಿದೆ, ಕಲ್ಲು ಸೇತುವೆಗಳು ಒಂದಕ್ಕಿಂತ ಒಂದು ಚೆಂದ. ಮಂಡಿನೋವಿನ ಅಪ್ಪಂದಿರಿಗೂ ತಳ್ಳುಗಾಡಿಯ ಮಗುವಿಗೂ ಅಲ್ಲಿ ಜಾಗವಿದೆ.

ಮರಗಳೂ ಕಾಲವನ್ನು ಹೇಳುತ್ತವೆ. 1947ರ ಅಕ್ಟೋಬರಿನ ಬೆಂಕಿಗೆ ದ್ವೀಪದ 17,000 ಎಕರೆಗೂ ಹೆಚ್ಚು ಸುಟ್ಟಿತು. ಸ್ಪ್ರೂಸ್, ಫರ್ ಉರಿದುಹೋದ ಕಡೆ ಬಿಸಿಲು ಬಿದ್ದು ಬರ್ಚ್, ಆಸ್ಪೆನ್ ಎದ್ದವು. ಅಕ್ಟೋಬರಿನಲ್ಲಿ ಹೋಗುವವರು ಅವುಗಳ ಹಳದಿ ಕಾಣಲು ಪೂರ್ವ ಭಾಗದ ದಾರಿಗಳನ್ನು ಹಿಡಿಯಲಿ. ಸಪಾಟಾದ ಹಲಗೆಹಾಸಿನ ಜೆಸಪ್ ಪಾತ್ ಒಂದೇ ಸಾಕು.

ಒಂದೇ ದಿನ ಇದ್ದರೆ? ಬೆಳಗ್ಗೆ ಎಂಟಕ್ಕೆ ಇಳಿತವಿದ್ದರೆ ಏಳಕ್ಕೇ ಬಾರ್ ದ್ವೀಪ. ಆಮೇಲೆ ಬಸ್ಸಿನಲ್ಲಿ ಸ್ಯಾಂಡ್ ಬೀಚು. ಜೂನ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ಐಲೆಂಡ್ ಎಕ್ಸ್‌ಪ್ಲೋರರ್ ಬಸ್ಸು ಪುಕ್ಕಟೆ, ಪಾರ್ಕಿಂಗ್ ಪರದಾಟವಿಲ್ಲ. ಉಬ್ಬರ ಎರಡರ ಸುಮಾರಿಗೆ, ಹಾಗಾಗಿ ಹನ್ನೆರಡೂವರೆಗೆ ಥಂಡರ್ ಹೋಲ್ ಮುಂದೆ ನಿಂತಿರಿ. ಸಂಜೆ ಜೋರ್ಡನ್ ಕೊಳದ ದಂಡೆಯ ಹೋಟೆಲಿನಲ್ಲಿ ಚಹಾ, ಜೊತೆಗೆ ಪೂರಿಯಂತೆ ಒಳಗೆ ಟೊಳ್ಳಾದ ಪಾಪ್‌ಓವರ್. ಮೊಟ್ಟೆ ಹಾಕಿ ಮಾಡುತ್ತಾರೆ, ತಿನ್ನದವರಿಗೆ ಮೊದಲೇ ತಿಳಿದಿರಲಿ. ಉಬ್ಬರವೇ ಬೆಳಗ್ಗೆ ಇದ್ದರೆ ಇದನ್ನೆಲ್ಲ ತಿರುವಿಹಾಕಿ. ಪ್ರೆಸಿಪಿಸ್ ಆಸೆ ಬಿಡದವರು ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಬನ್ನಿ. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಊರಿಗೆ ಮರಳಿರುತ್ತಾರೆ, ಮರಿಗಳೂ ಹಾರಲು ಕಲಿತಿರುತ್ತವೆ.