ಗಾಲಿಯ ಹಲಗೆ, ಹಿಮದ ಹಲಗೆ

ಬೆಳಗಾವಿಯ ಕಪಿಲೇಶ್ವರ ಗುಡಿಯ ಬಳಿಯ ರೈಲ್ವೆ ಮೇಲ್ಸೇತುವೆ ದಾಟಿದರೆ ಶಹಾಪುರ. 1948ರವರೆಗೆ ಇದು ಸಾಂಗಲಿ ಸಂಸ್ಥಾನದ ಊರು. ಪಕ್ಕದ ಬೆಳಗಾವಿ ಮಾತ್ರ ಬ್ರಿಟಿಷರದಾಗಿತ್ತು. ಸೀರೆಗೆ ಹೆಸರಾದ ಈ ನೇಕಾರರ ಊರಿನಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಬಾಯಲ್ಲಿ ಸಲೀಸಾಗಿ ಬರುತ್ತವೆ.

ಇಲ್ಲಿನ ನಮ್ಮ ಮನೆಗೆ ಕಳೆದ ವರ್ಷ ಜೂನ್ ಮೊದಲ ವಾರ ಅಮೆರಿಕದಿಂದ ಅಣ್ಣನ ಮಗ ಬಂದ. ಬಗಲಲ್ಲಿ ಎರಡು ಮೊಳ ಉದ್ದದ, ನಾಲ್ಕು ಗಾಲಿಯ ಹಲಗೆ. ‘ಲಾಂಗ್‌ಬೋರ್ಡ್ ಕಾಕಾ. ಬ್ಯಾಸಗಿಗೆ ಇದು, ಚಳಿಗಾಲಕ್ಕ ಸ್ನೋಬೋರ್ಡ್’ ಎಂದ. ಅವನಿರುವುದು ವರ್ಮಾಂಟ್ ಪ್ರಾಂತದಲ್ಲಿ. 1977ರಲ್ಲಿ ಜೇಕ್ ಬರ್ಟನ್ ಸ್ನೋಬೋರ್ಡ್ ತಯಾರಿಕೆ ಆರಂಭಿಸಿದ್ದು ಅಲ್ಲಿಯೇ. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಆ ಆಟಕ್ಕೆ ಜಾಗ ಸಿಕ್ಕಿತು.

ಬೆಳಗಿನ ಆರಕ್ಕೆ, ಓಣಿ ಖಾಲಿಯಿದ್ದಾಗ ಅವನ ಸವಾರಿ. ಕಟ್ಟೆಯ ಮೇಲೆ ಕೂತ ನಮ್ಮವ್ವ ಕೇಳಿದಳು: ‘ಎರಡೂ ಹಲಿಗೀನ ಅಲ್ಲೇನೊ? ಒಂದು ಕಲತ್ರ ಇನ್ನೊಂದು ಬಂದಂಗ ಆತಲ್ಲ?’

ಅವನು ನಕ್ಕು ಎಡ ಮಣಿಕಟ್ಟು ತೋರಿಸಿದ. ಸ್ವಲ್ಪ ಸೊಟ್ಟಗಿತ್ತು. ಹಿಂದಿನ ಡಿಸೆಂಬರಿನಲ್ಲಿ ಮುರಿದದ್ದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ.

ವಾಲಿದತ್ತ ತಿರುಗುವುದು ಎರಡರಲ್ಲೂ ಉಂಟು. ನಿಲ್ಲಿಸುವ ಬಗೆ ಮಾತ್ರ ಬೇರೆ. ಲಾಂಗ್‌ಬೋರ್ಡಿನಲ್ಲಿ ಕಾಲು ಬಿಡಿ. ಒಂದನ್ನು ಕೆಳಗಿಳಿಸಿ ನೆಲಕ್ಕೆ ಉಜ್ಜಿದರೆ ವೇಗ ತಗ್ಗುತ್ತದೆ. ಸ್ನೋಬೋರ್ಡಿನಲ್ಲಿ ಎರಡೂ ಪಾದ ಬಿಗಿದಿರುತ್ತವೆ. ಹಲಗೆಯನ್ನೇ ಅಡ್ಡ ತಿರುಗಿಸಿ ಅದರ ಉಕ್ಕಿನ ಅಂಚನ್ನು ಹಿಮಕ್ಕೆ ಒತ್ತಬೇಕು. ಬೇಸಿಗೆಯಿಡೀ ಗಾಲಿಯ ಮೇಲಿದ್ದ ಹುಡುಗ ಹಿಮದ ಮೊದಲ ದಿನ ಗಾಬರಿಯಲ್ಲಿ ಕಾಲು ಕೆಳಗಿಡಲು ಹೋದ. ಕಾಲು ಬರಲಿಲ್ಲ, ಕೈ ಊರಿದ. ಚಳಿಗಾಲದ ರೂಢಿಯೂ ಬೇಸಿಗೆಯಲ್ಲಿ ಹೀಗೆಯೇ ಕೈಕೊಡುತ್ತದೆ: ಡಾಂಬರಿನ ಮೇಲೆ ಹಲಗೆಯನ್ನು ಥಟ್ಟನೆ ಅಡ್ಡ ಮಾಡಿದರೆ ಗಾಲಿ ಕಚ್ಚಿ ಸವಾರ ಮುಂದಕ್ಕೆ ಹಾರುತ್ತಾನೆ.

ಈ ಋತುಬದಲು ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಗುಲ್ಮಾರ್ಗ್‌ನ ಹಿಮದಲ್ಲಿ ಸ್ಕೀ ಓಟ ಓಡಿ ಕರ್ನಾಟಕಕ್ಕೆ ಪದಕ ತಂದ ಭವಾನಿ ಕೊಡಗಿನವರು. ಆ ಆಟದವರು ಹಿಮವಿಲ್ಲದ ತಿಂಗಳುಗಳಲ್ಲಿ ಗಾಲಿ ಕಟ್ಟಿದ ಸ್ಕೀಗಳಲ್ಲಿ ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ.

ಎಲ್ಲ ಕೇಳಿದ ಅವ್ವ ಬೈಯಲಿಲ್ಲ. ‘ನಿಮ್ಮಜ್ಜ ಬ್ಯಾರೆ ಮಗ್ಗಕ್ಕ ಕುಂತಾಗ ಎರಡ ದಿನ ಹಳೇ ಮಗ್ಗದಂಗನ ಕಾಲು ಒತ್ತತಿದ್ದ. ನೂಲು ಹರಿದು ಹೋಗತಿತ್ತು. ಕೈಕಾಲಿಗೆ ಮರಿಯೋದೂ ಕಲಸಬೇಕಪಾ’ ಎಂದಳು.

ನಾಲ್ಕೇ ದಿನ. ಖಾನಾಪುರದ ಕಡೆಯಿಂದ ಮೋಡ ಕವಿಯಿತು, ಓಣಿ ಹಳ್ಳವಾಯಿತು. ನೀರು ಸೇರಿದರೆ ಗಾಲಿಯೊಳಗಿನ ಬೇರಿಂಗ್ ತುಕ್ಕು ಹಿಡಿಯುತ್ತದೆಂದು ಅವನು ಹಲಗೆಯನ್ನು ಒರೆಸಿ ಅಟ್ಟಕ್ಕೇರಿಸಿದ. ಹೊರಡುವಾಗಲೂ ಅಲ್ಲಿಯೇ ಬಿಟ್ಟುಹೋದ.

ಡಿಸೆಂಬರಿನಲ್ಲಿ ಅಲ್ಲಿ ಹಿಮ ಬಿತ್ತೆಂದು ಫೋನ್ ಬಂತು. ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡು ಹೇಳಿದ್ದು ಒಂದೇ ಮಾತು: ‘ಮೊದಲ ಎರಡ ದಿನ ಸಣ್ಣ ಇಳಿಜಾರಿನ್ಯಾಗ ಆಡಪಾ.’