ಹಿಂದಿನ ಚಕ್ರಗಳ ಸ್ವಾತಂತ್ರ್ಯ

ಎತ್ತಿನ ಗಾಡಿಯ ಒಂದು ಚಕ್ರ ಕಲ್ಲು ಹತ್ತಿದರೆ ಗಾಡಿಗೆ ಗಾಡಿಯೇ ಓರೆಯಾಗುತ್ತದೆ. ಎರಡು ಚಕ್ರಗಳಿಗೂ ಅಚ್ಚು ಒಂದೇ. ಒಂದರ ಕಷ್ಟದಲ್ಲಿ ಇನ್ನೊಂದಕ್ಕೆ ಪಾಲು ತಪ್ಪಿದ್ದಲ್ಲ. ಮೋಟಾರು ಕಾರುಗಳ ಹಿಂಭಾಗವೂ ಬಹುಕಾಲ ಇದೇ ಸಂಪ್ರದಾಯವನ್ನು ಪಾಲಿಸಿಕೊಂಡು ಬಂದಿತು. ಭಾರತದ ಅಂಬಾಸಿಡರ್ 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಉಕ್ಕಿನ ಪಟ್ಟಿಗಳ ಸ್ಪ್ರಿಂಗುಗಳಿಗೆ ಬಿಗಿದ ಇಡಿಯ ಅಚ್ಚನ್ನೇ ನಂಬಿಕೊಂಡಿತ್ತು. ಗಟ್ಟಿಮುಟ್ಟಾದ ಆ ಏರ್ಪಾಡನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಭಾರವಾದ ಹಲ್ಲುಚಕ್ರಗಳ ಪೆಟ್ಟಿಗೆಯೂ ಆ ಅಚ್ಚಿನ ನಡುವೆಯೇ ಕುಳಿತಿರುತ್ತದೆ. ಗುಂಡಿ ಬಂದಾಗಲೆಲ್ಲ ಚಕ್ರದೊಡನೆ ಆ ಭಾರವೂ ಕುಪ್ಪಳಿಸಬೇಕು. ಭಾರ ಕುಪ್ಪಳಿಸಿದಷ್ಟೂ ಟೈರು ನೆಲದ ಹಿಡಿತವನ್ನು ಬಿಡುತ್ತದೆ.

ಪೆಟ್ಟಿಗೆಯನ್ನು ಕಾರಿನ ಮೈಗೇ ಬಿಗಿದು ಅಚ್ಚನ್ನು ಎರಡು ತುಂಡು ಮಾಡಿದರೆ ಹೇಗೆ? ಆಸ್ಟ್ರಿಯಾದಲ್ಲಿ ಹುಟ್ಟಿದ ಎಡ್ಮಂಡ್ ರುಂಪ್ಲರ್ 1903ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದರು. ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಒಂದೊಂದು ಕೀಲು. ಅಲ್ಲಿಂದ ಚಕ್ರದವರೆಗೆ ನೇರವಾದ ಅರ್ಧ ಅಚ್ಚು. ಬಾಗಿಲು ತಿರುಗಣಿಯ ಮೇಲೆ ಆಡುವಂತೆ ಪ್ರತಿಯೊಂದು ಚಕ್ರವೂ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಬಹುಕಾಲ ಓಡಿದ್ದು ಇದರ ಮೇಲೆಯೇ.

ದೋಷವಿದ್ದುದೂ ಈ ಬಾಗಿಲಿನಲ್ಲಿಯೇ. ಚಕ್ರವನ್ನು ಅರ್ಧ ಅಚ್ಚಿಗೆ ಲಂಬವಾಗಿ ಬಿಗಿದಿರುವುದರಿಂದ ಅಚ್ಚು ಓರೆಯಾದರೆ ಚಕ್ರವೂ ಓರೆಯಾಗಲೇಬೇಕು. ಕಾರು ವೇಗವಾಗಿ ತಿರುವಿನಲ್ಲಿ ಹೊರಳಿತೆನ್ನಿ. ಭಾರವೆಲ್ಲ ಹೊರಬದಿಯ ಚಕ್ರದ ಮೇಲೆ ಬೀಳುತ್ತದೆ. ನೆಲವು ಆ ಟೈರನ್ನು ಒಳಕ್ಕೆ ತಳ್ಳುತ್ತದೆ. ಆ ಒತ್ತಡ ಅಚ್ಚಿನ ಮೂಲಕ ಸಾಗಿ ಕಾರಿನ ಹಿಂಭಾಗವನ್ನೇ ಮೇಲಕ್ಕೆತ್ತುತ್ತದೆ. ಹಿಂಭಾಗ ಎದ್ದಷ್ಟೂ ಚಕ್ರವು ಕಾರಿನ ಅಡಿಗೆ ಮಡಿಚಿಕೊಳ್ಳುತ್ತದೆ, ಮಡಿಚಿಕೊಂಡಷ್ಟೂ ಹಿಡಿತ ತಪ್ಪುತ್ತದೆ. ಮುಂದೇನೆಂದು ಯೋಚಿಸುವಷ್ಟು ವ್ಯವಧಾನ ಚಾಲಕನಿಗೆ ಉಳಿಯುವುದಿಲ್ಲ.

ಅಮೆರಿಕೆಯ ಜನರಲ್ ಮೋಟಾರ್ಸ್ ಕಂಪೆನಿ 1960ರ ಮಾದರಿಯಾಗಿ ಹೊರತಂದ ಷೆವರ್ಲೆ ಕಾರ್ವೇರ್ ಕಾರಿನ ಅಚ್ಚು ಇದೇ ಬಗೆಯದು. ಎಂಜಿನ್ನಿನ ಭಾರವೂ ಹಿಂದೆಯೇ. ಕಂಪೆನಿ ಹೇಳಿದ ಉಪಾಯವಾದರೋ ವಿಚಿತ್ರ: ಮುಂದಿನ ಟೈರುಗಳಲ್ಲಿ 15 ಪೌಂಡು ಗಾಳಿ, ಹಿಂದಿನವುಗಳಲ್ಲಿ 26. ಪೆಟ್ರೋಲು ಬಂಕಿನ ಹುಡುಗನಿಗೆ ಈ ಗುಟ್ಟು ತಿಳಿಯದಿದ್ದರೆ (ಹೇಗೆ ತಾನೆ ತಿಳಿಯಬೇಕು?) ಒಂದು ಸಂಸಾರದ ಪ್ರಾಣ ಅವನ ಗಾಳಿಯ ಕೊಳವೆಯ ತುದಿಯಲ್ಲಿ!

ಪರಿಹಾರವೇನೂ ಗಹನವಾದುದಲ್ಲ. ಚಕ್ರದ ಬಳಿಯಲ್ಲೂ ಇನ್ನೊಂದು ಕೀಲು. ಆಗ ಅಚ್ಚು ಓರೆಯಾದರೂ ಚಕ್ರ ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ಹತೋಟಿಯಲ್ಲಿಡುವ ಕೆಲಸವನ್ನು ಬೇರೆ ತೋಳುಗಳು ವಹಿಸಿಕೊಳ್ಳುತ್ತವೆ. 1961ರ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ ಇಂಥ ಏರ್ಪಾಡಿತ್ತು. ಕಾರ್ವೇರ್‌ಗೆ 1964ರಲ್ಲಿ ಒಂದು ಅಡ್ಡ ಸ್ಪ್ರಿಂಗು ಬಂದಿತು. ಎರಡನೆಯ ಕೀಲು ದೊರೆತುದು 1965ರ ಮಾದರಿಗೆ.

ರಾಲ್ಫ್ ನೇಡರ್ ಎಂಬ ತರುಣ ವಕೀಲರು ಈ ಕಾರನ್ನು ಕಟಕಟೆಗೆ ನಿಲ್ಲಿಸಿದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಹೊರಬಂದುದು 1965ರ ನವೆಂಬರಿನಲ್ಲಿ, ಅಂದರೆ ರೋಗ ವಾಸಿಯಾದ ಮೇಲೆ. ಹಳೆಯ ಕಾರುಗಳು ಮಾತ್ರ ರಸ್ತೆಯ ಮೇಲೆಯೇ ಇದ್ದವು. ಕಂಪೆನಿ ನೇಡರ್ ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು. 1966ರಲ್ಲಿ ಅದರ ಅಧ್ಯಕ್ಷರೇ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೋರಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನೂ ಬಂದಿತು. 1972ರಲ್ಲಿ ಸರ್ಕಾರದ ತಜ್ಞರು 1960ರಿಂದ 63ರವರೆಗಿನ ಕಾರ್ವೇರ್‌ಗಳನ್ನು ಪರೀಕ್ಷಿಸಿ, ಆ ಕಾಲದ ಇತರ ಕಾರುಗಳಿಗಿಂತ ಅವು ಹೆಚ್ಚು ಅಪಾಯಕಾರಿಯಲ್ಲವೆಂದು ವರದಿಯಿತ್ತರು. ಅಷ್ಟರಲ್ಲಿ ಕಾರ್ವೇರ್ ತಯಾರಿಕೆ ನಿಂತು 3 ವರ್ಷಗಳಾಗಿದ್ದವು.