ದಿಣ್ಣೆ ಇಳಿದ ಹನ್ನೆರಡು ಮಕ್ಕಳು

ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಕ್ಲಿಂಟನ್ ಎಂಬ ಪುಟ್ಟ ಊರಿದೆ. ಅಲ್ಲಿನ ದಿಣ್ಣೆಯ ಮೇಲೆ, ಹಳೆಯ ಪ್ರಾಥಮಿಕ ಶಾಲೆಯೊಂದರ ಮುಂದೆ, ಹನ್ನೆರಡು ಕಂಚಿನ ಪ್ರತಿಮೆಗಳಿವೆ. ಯಾವ ರಾಜಕಾರಣಿಯದೂ ಅಲ್ಲ. ಹೈಸ್ಕೂಲಿಗೆ ಹೊರಟ ಹುಡುಗ ಹುಡುಗಿಯರವು.

1956ರವರೆಗೆ ಊರಿನ ಸರ್ಕಾರಿ ಹೈಸ್ಕೂಲು ಬಿಳಿಯರ ಮಕ್ಕಳಿಗೆ ಮಾತ್ರ. ಕಪ್ಪು ಜನರ ಮಕ್ಕಳು ಹತ್ತಿರದ ಶಾಲೆಯನ್ನು ಬಿಟ್ಟು, ಬಸ್ಸು ಹತ್ತಿ ಸುಮಾರು 30 ಕಿ.ಮೀ. ದೂರದ ನಾಕ್ಸ್‌ವಿಲ್‌ಗೆ ಹೋಗಬೇಕಿತ್ತು. ಆ ವರ್ಷದ ಆಗಸ್ಟ್‌ನಲ್ಲಿ, ನ್ಯಾಯಾಲಯದ ಆದೇಶದಂತೆ, ಅವರಲ್ಲಿ ಹನ್ನೆರಡು ಮಂದಿ ದಿಣ್ಣೆಯಿಳಿದು ಈ ಶಾಲೆಗೆ ನಡೆದುಬಂದರು. ಊರಲ್ಲಿ ಗಲಭೆ ಎದ್ದಿತು, ಸೈನಿಕರು ಬಂದಿಳಿದರು. ಡಿಸೆಂಬರ್ 4ರಂದು ಮಕ್ಕಳಿಗೆ ಜೊತೆಯಾಗಿ ನಡೆದ ಬಿಳಿಯ ಪಾದ್ರಿ ಪಾಲ್ ಟರ್ನರ್ ಅವರನ್ನು ಗುಂಪೊಂದು ಥಳಿಸಿತು. ಆದರೂ 1957ರಲ್ಲಿ ಹನ್ನೆರಡರಲ್ಲಿ ಒಬ್ಬನಾದ ಬಾಬಿ ಕೇನ್ ಅಲ್ಲಿಯೇ ತೇರ್ಗಡೆಯಾದ.

1958ರ ಅಕ್ಟೋಬರ್ 5, ಭಾನುವಾರ ಬೆಳಗಿನ ಜಾವ. ದುಷ್ಕರ್ಮಿಗಳಿಟ್ಟ ಡೈನಮೈಟ್ ಶಾಲೆಯನ್ನು ಒಡೆದುಹಾಕಿತು. ರಜೆಯ ದಿನವಾದ್ದರಿಂದ ಜೀವಹಾನಿಯಾಗಲಿಲ್ಲ. ಕೆಲವೇ ದಿನಗಳಲ್ಲಿ ನೆರೆಯ ಓಕ್ ರಿಡ್ಜ್‌ನ ಖಾಲಿ ಶಾಲೆಯೊಂದರಲ್ಲಿ ಪಾಠ ಮತ್ತೆ ಶುರುವಾಯಿತು. ಹಿಂದೆ ಕೆಲವರಿಗಷ್ಟೇ ಇದ್ದ ಬಸ್ಸಿನ ಅಲೆದಾಟ ಈಗ ಎಲ್ಲ ಮಕ್ಕಳ ಪಾಲಾಯಿತು!

1960ರಲ್ಲಿ ಹೊಸ ಕಟ್ಟಡ ಎದ್ದಿತು. ಮಕ್ಕಳು ಊರಿಗೆ ಮರಳಿದರು, ಬಿಳಿ-ಕಪ್ಪು ಎನ್ನದೆ ಒಂದೇ ಬಾಗಿಲಿನಿಂದ ಒಳಗೆ ಹೋದರು.